ಕಾಯಿಕೊರಕದ ಹೊಟ್ಟೆ, ನಮ್ಮ ಹೊಟ್ಟೆ

ಕಾಫಿ ಬೀಜದಲ್ಲಿ ಕೆಫೀನ್ ಇರುವುದು ನಮಗೆ ಬೆಳಗ್ಗೆ ಎಚ್ಚರ ಬರಲಿ ಅಂತ ಅಲ್ಲ. ಗಿಡ ಅದನ್ನು ಮಾಡಿಕೊಳ್ಳುವುದು ಹುಳಹುಪ್ಪಟೆ ಹತ್ತಿರ ಬರದಿರಲಿ ಅಂತ. ಹೆಚ್ಚಿನ ಕೀಟಗಳಿಗೆ ಕೆಫೀನ್ ವಿಷ. ಆದರೂ ನಮ್ಮ ಮೂಡಿಗೆರೆ, ಸಕಲೇಶಪುರ ಕಡೆಯ ತೋಟಗಳಲ್ಲಿ ಬೆರ್ರಿ ಬೋರರ್, ಅದೇ ಕಾಯಿಕೊರಕ, ಬೀಜದ ಒಳಗೇ ಹುಟ್ಟಿ, ಬೀಜವನ್ನೇ ತಿಂದು, ಅಲ್ಲೇ ಮೊಟ್ಟೆಯಿಟ್ಟು ಸಂಸಾರ ನಡೆಸುತ್ತದೆ. ಹಣ್ಣಿನ ತುದಿಯಲ್ಲಿ, ಹೊಕ್ಕುಳಿನ ಹತ್ತಿರ ಸಣ್ಣ ತೂತು ಕಂಡರೆ ಕಿತ್ತು ಉಗುರಲ್ಲಿ ಬಿಡಿಸಿ ನೋಡಿ. ಬೀಜ ಕೊರೆದು ಪುಡಿಪುಡಿಯಾಗಿರುತ್ತದೆ, ಆ ಪುಡಿಯ ನಡುವೆ ಎರಡು ಮಿಲಿಮೀಟರ್ ಕೂಡ ಇಲ್ಲದ ಕಪ್ಪು ಹುಳ, ಪಕ್ಕದಲ್ಲಿ ಬಿಳಿ ಮರಿಗಳು. ಇಷ್ಟು ಚಿಕ್ಕ ಜೀವ ಅಷ್ಟೊಂದು ಕೆಫೀನ್ ತಿಂದು ಹೇಗೆ ಅರಗಿಸಿಕೊಳ್ಳುತ್ತದೆ?

ಅದು ಅರಗಿಸಿಕೊಳ್ಳುವುದಿಲ್ಲ. ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಅರಗಿಸುತ್ತವೆ. 2015ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಈ ಹುಳಗಳಿಗೆ ಆಂಟಿಬಯಾಟಿಕ್ ತಿನ್ನಿಸಿ ಹೊಟ್ಟೆ ಖಾಲಿ ಮಾಡಿಸಿದರು. ಆಮೇಲೆ ನೋಡಿದರೆ ತಿಂದ ಕೆಫೀನ್ ಹಿಕ್ಕೆಯಲ್ಲಿ ಹಾಗೇ ಹೊರಗೆ ಬರುತ್ತಿತ್ತು, ಮೊಟ್ಟೆ ಮರಿಗಳೂ ತೀರಾ ಕಮ್ಮಿಯಾದವು. ಸ್ಯೂಡೋಮೊನಾಸ್ ಫುಲ್ವಾ ಎಂಬ ಒಂದು ಬ್ಯಾಕ್ಟೀರಿಯಾವನ್ನು ವಾಪಸ್ ಕೊಟ್ಟಾಗ ಕೆಫೀನ್ ಮತ್ತೆ ಒಡೆಯತೊಡಗಿತು. ಇನ್ನೊಂದು ಇದಕ್ಕಿಂತ ಗಾಬರಿ ಹುಟ್ಟಿಸುವಂಥದ್ದು. ಜಪಾನಿನಲ್ಲಿ ಸೋಯಾ ಕಾಯಿಯ ರಸ ಹೀರುವ ಒಂದು ತಿಗಣೆ, ಔಷಧಿ ಹೊಡೆದ ಹೊಲದ ಮಣ್ಣಿನಿಂದ ಫೆನಿಟ್ರೋಥಿಯಾನ್ ಎಂಬ ಕೀಟನಾಶಕವನ್ನು ತಿನ್ನಬಲ್ಲ ಬ್ಯಾಕ್ಟೀರಿಯಾವನ್ನೇ ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ಆಮೇಲೆ ಆ ಔಷಧಿಗೆ ಬಗ್ಗುವುದಿಲ್ಲ. ಇದು 2012ರಲ್ಲಿ ಪ್ರಕಟವಾದ ಕೆಲಸ. ಹುಳದ ವಂಶದಲ್ಲಿ ಏನೂ ಬದಲಾಗಿಲ್ಲ, ಹೊಟ್ಟೆಯ ಜೊತೆಗಾರರು ಬದಲಾಗಿದ್ದಾರೆ, ಅಷ್ಟೇ.

ನಾನು ಓದಿದ್ದು ಸೂಕ್ಷ್ಮಜೀವಿ ಶಾಸ್ತ್ರ. ತವರು ಅರಕಲಗೂಡು ಕಡೆ, ಆಲೂಗಡ್ಡೆ ಬೆಳೆಯುವ ಊರು. ಮದುವೆಯಾಗಿ ಬಂದದ್ದು ಮೂಡಿಗೆರೆ ಪಕ್ಕದ ಕಾಫಿ ತೋಟಕ್ಕೆ. ಎರಡೂ ಕಡೆ ಔಷಧಿ ಹೊಡೆಯುವುದನ್ನು ನೋಡಿಕೊಂಡೇ ಬೆಳೆದೆ, ಬಾಳಿದೆ. ಹಾಗಾಗಿ ಈ ಹುಳಗಳ ಕಥೆ ಓದಿದಾಗ ನನ್ನ ತಲೆಗೆ ಮೊದಲು ಬಂದದ್ದು ಹುಳ ಅಲ್ಲ, ಔಷಧಿ ಹೊಡೆಯುವ ಜನ. ಅವರ ಹೊಟ್ಟೆಯಲ್ಲಿ ಏನಾಗುತ್ತಿದೆ?

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರಲ್ಲಿ ಇಸ್ರೇಲಿನ ವೈಝ್‌ಮನ್ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದರು. ಎಲ್ಲಾ ಸೇರಿಸಿ ತೂಗಿದರೆ ಕಾಲು ಕೆಜಿ ಕೂಡ ಆಗುವುದಿಲ್ಲ. ಬಹುಪಾಲು ದೊಡ್ಡ ಕರುಳಿನಲ್ಲಿ, ಗಾಳಿ ಇಲ್ಲದ ಕಡೆ ಇರುತ್ತವೆ. ನಾವು ತಿಂದದ್ದು, ಕುಡಿದದ್ದು, ಉಸಿರಾಡಿ ಕಫದ ಜೊತೆ ನುಂಗಿದ ಧೂಳು, ಇವುಗಳಲ್ಲಿ ಸಣ್ಣ ಕರುಳು ಹೀರಿಕೊಳ್ಳದೆ ಬಿಟ್ಟದ್ದೆಲ್ಲಾ ಇವುಗಳ ಕೈಗೆ ಸಿಗುತ್ತದೆ.

ಲಿವರ್ ಕೆಲಸ ಎಲ್ಲರಿಗೂ ಗೊತ್ತು, ವಿಷವನ್ನು ಹೊರಗೆ ಹಾಕುವುದು. ಅದು ಆಮ್ಲಜನಕ ಸೇರಿಸಿ, ನೀರಲ್ಲಿ ಕರಗುವ ಹಾಗೆ ಮಾಡಿ ಸಾಗಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾ ಮಾಡುವುದು ಹೆಚ್ಚುಕಮ್ಮಿ ಇದರ ತಿರುಗುಮುರುಗು. ಗಾಳಿ ಇಲ್ಲದ ಜಾಗ ಆದ್ದರಿಂದ ಆಮ್ಲಜನಕ ಕಿತ್ತುಹಾಕುತ್ತವೆ, ಕ್ಲೋರಿನ್ ಕಿತ್ತುಹಾಕುತ್ತವೆ (ಡಿಡಿಟಿಯನ್ನು ಡಿಡಿಡಿ ಮಾಡುವುದು ಹೀಗೇ), ಲಿವರ್ ಕಷ್ಟಪಟ್ಟು ಅಂಟಿಸಿದ್ದನ್ನು ಬಿಡಿಸುತ್ತವೆ. ಇದರಲ್ಲಿ ಕೊನೆಯದನ್ನು ಸ್ವಲ್ಪ ನಿಂತು ನೋಡಬೇಕು. ಲಿವರ್ ಎಷ್ಟೋ ರಾಸಾಯನಿಕಗಳಿಗೆ ಗ್ಲುಕುರಾನಿಕ್ ಆಮ್ಲ ಎಂಬ ಸಕ್ಕರೆಯಂಥದ್ದನ್ನು ಸೇರಿಸಿ, ಗಂಟು ಕಟ್ಟಿ ಪಿತ್ತದ ಜೊತೆ ಕರುಳಿಗೆ ಬಿಡುತ್ತದೆ, ಮಲದಲ್ಲಿ ಹೋಗಲಿ ಅಂತ. ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಆ ಸಕ್ಕರೆ. ಅವು ಗಂಟು ಬಿಚ್ಚಿ ಸಕ್ಕರೆ ತೆಗೆದುಕೊಳ್ಳುತ್ತವೆ, ಉಳಿದ ರಾಸಾಯನಿಕ ಬಿಡುಗಡೆಯಾಗಿ ಮತ್ತೆ ರಕ್ತಕ್ಕೆ ಸೇರಿ ಮತ್ತೆ ಲಿವರ್‌ಗೆ ಹೋಗುತ್ತದೆ. ಒಂದು ಸಲ ನುಂಗಿದ್ದು ಮೈಯೊಳಗೆ ಸುತ್ತು ಹೊಡೆಯುತ್ತಿರುತ್ತದೆ.

ಇದರ ಕೆಟ್ಟ ಉದಾಹರಣೆ ಡೈನೈಟ್ರೋಟಾಲ್ವೀನ್. ಸ್ಫೋಟಕಕ್ಕೂ, ಹಾಸಿಗೆಯ ಫೋಮ್‌ಗೆ ಬೇಕಾದ ರಾಸಾಯನಿಕ ತಯಾರಿಸಲೂ ಬಳಸುವ ವಸ್ತು. ಇಲಿಗಳಿಗೆ ಕೊಟ್ಟಾಗ ಲಿವರ್‌ನ ಡಿಎನ್‌ಎ ಹಾಳಾಗುತ್ತದೆ. ಹುಟ್ಟಿನಿಂದಲೂ ಹೊಟ್ಟೆಯಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಸಾಕಿದ ಇಲಿಗಳಿಗೆ ಅದನ್ನೇ ಕೊಟ್ಟರೆ ಆ ಹಾನಿ ಕಾಣುವುದಿಲ್ಲ. ಅಂದರೆ ಲಿವರ್ ಅರ್ಧ ಕೆಲಸ ಮಾಡಿ ಪಿತ್ತದಲ್ಲಿ ಬಿಟ್ಟದ್ದನ್ನು ಕರುಳಿನ ಬ್ಯಾಕ್ಟೀರಿಯಾ ಬಿಡಿಸಿ, ಅದರ ನೈಟ್ರೋ ಗುಂಪನ್ನು ಬದಲಾಯಿಸಿ ವಾಪಸ್ ಕಳಿಸಿದ ಮೇಲೇ ಅದು ನಿಜವಾದ ವಿಷವಾಗುವುದು. ಇಲ್ಲಿ ಯಾರನ್ನು ದೂರುವುದು ಹೇಳಿ? ಲಿವರ್ ಒಂದೇ ಇದ್ದರೂ ಆಗುತ್ತಿರಲಿಲ್ಲ, ಬ್ಯಾಕ್ಟೀರಿಯಾ ಒಂದೇ ಇದ್ದರೂ ಆಗುತ್ತಿರಲಿಲ್ಲ.

ಬಣ್ಣದ ವಿಷಯಕ್ಕೆ ಬರೋಣ, ಯಾಕಂದರೆ ಇದು ಹಾಸನದ ರಸ್ತೆಬದಿಗೂ ಬಂದ ಮಾತು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತು. 171 ಗೋಬಿ ಸ್ಯಾಂಪಲ್ ಪರೀಕ್ಷೆ ಮಾಡಿದ್ದರಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಜನರ ಬಾಯಲ್ಲಿ ಉಳಿದ ಹೆಸರು ರೋಡಮೈನ್-ಬಿ ಎಂಬ ಬಣ್ಣದ್ದು. ಆದರೆ ಗೋಬಿಯಲ್ಲಿ ಸಿಕ್ಕ ಟಾರ್ಟ್ರಝೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಈ ಮೂರೂ ಬೇರೆ ಜಾತಿ, ಆಝೋ ಬಣ್ಣಗಳು. ಎರಡು ಸಾರಜನಕದ ಪರಮಾಣುಗಳು ಜೋಡಿಯಾಗಿ ಬಣ್ಣದ ಎರಡು ತುಂಡುಗಳನ್ನು ಹಿಡಿದುಕೊಂಡಿರುತ್ತವೆ. ಕರುಳಿನ ಬ್ಯಾಕ್ಟೀರಿಯಾ ಕತ್ತರಿಸುವುದು ಸರಿಯಾಗಿ ಆ ಕೊಂಡಿಯನ್ನೇ. ಬಣ್ಣ ಹೋಗುತ್ತದೆ, ಎರಡು ಹೊಸ ವಸ್ತುಗಳು ಉಳಿಯುತ್ತವೆ. ತಟ್ಟೆಯಲ್ಲಿ ಇದ್ದದ್ದು ಒಂದು, ಮೈ ನೋಡುವುದು ಇನ್ನೊಂದು.

ಇದು ಹಳೆಯ ಜ್ಞಾನವೇ. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣ ಸೋಂಕಿಗೆ ಔಷಧಿ ಆಗುತ್ತದೆ ಅಂತ ಕಂಡುಹಿಡಿದರು, 1939ರಲ್ಲಿ ನೊಬೆಲ್ ಕೂಡ ಬಂತು. ವಿಚಿತ್ರ ಅಂದರೆ ಗಾಜಿನ ಕೊಳವೆಯಲ್ಲಿ ಅದು ರೋಗಾಣುವಿಗೆ ಏನೂ ಮಾಡುತ್ತಿರಲಿಲ್ಲ, ಇಲಿಯ ಮೈಯೊಳಗೆ ಹೋದರೆ ಮಾತ್ರ ಕೆಲಸ. 1935ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಉತ್ತರ ಕೊಟ್ಟರು. ಮೈಯೊಳಗೆ ಆ ಕೊಂಡಿ ಮುರಿದು ಸಲ್ಫಾನಿಲಮೈಡ್ ಎಂಬ ತುಂಡು ಹೊರಬರುತ್ತದೆ, ಔಷಧಿ ಅದೇ. ಮುರಿಯುವ ಕೆಲಸದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಪಾಲು ದೊಡ್ಡದು ಅಂತ ಆಮೇಲೆ ತಿಳಿಯಿತು. ಅದೇ ಕತ್ತರಿ ಇನ್ನೊಂದು ಕಡೆ ತೊಂದರೆ ಮಾಡಬಹುದು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕರುಳಿನ ಉರಿಯೂತ ಬರುವ ಸ್ವಭಾವದ ಇಲಿಗಳಿಗೆ ಸನ್‌ಸೆಟ್ ಯೆಲ್ಲೋ ಮತ್ತು ಅಲ್ಯೂರಾ ರೆಡ್ ಕೊಟ್ಟರು. ಬ್ಯಾಕ್ಟೀರಿಯಾ ಬಣ್ಣ ಮುರಿದಾಗ ಬಂದ ತುಂಡಿನಿಂದಲೇ ಕರುಳು ಕೆರಳಿತು. ಇಲಿಯಲ್ಲಿ ಕಂಡದ್ದು ಮನುಷ್ಯರಿಗೂ ಹಾಗೇ ಅಂತ ನಾನು ಹೇಳುವುದಿಲ್ಲ. ಆದರೆ ಮಕ್ಕಳಿಗೆ ಕೆಂಪು ಗೋಬಿ ಕೊಡಿಸುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ.

ಚೀನಾದ ಹಾಲಿನ ಪುಡಿ ಪ್ರಕರಣ ನೆನಪಿದೆಯಾ? 2008. ಪ್ರೋಟೀನ್ ಜಾಸ್ತಿ ತೋರಿಸಲು ಹಾಲಿಗೆ ಮೆಲಮಿನ್ ಬೆರೆಸಿದರು. ಸುಮಾರು 3 ಲಕ್ಷ ಮಕ್ಕಳಿಗೆ ತೊಂದರೆಯಾಯಿತು, ಅಲ್ಲಿನ ಸರ್ಕಾರವೇ ಒಪ್ಪಿಕೊಂಡಂತೆ 6 ಮಕ್ಕಳು ತೀರಿಹೋದರು. ಕಿಡ್ನಿಯಲ್ಲಿ ಕಲ್ಲು. 2013ರಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸ ಒಂದು ಮುಖ್ಯ ವಿಷಯ ತೋರಿಸಿತು. ಕ್ಲೆಬ್ಸಿಯೆಲ್ಲಾ ಜಾತಿಯ ಕೆಲವು ಕರುಳಿನ ಬ್ಯಾಕ್ಟೀರಿಯಾ ಮೆಲಮಿನ್ ಅನ್ನು ಸಯನ್ಯೂರಿಕ್ ಆಮ್ಲವಾಗಿ ಬದಲಾಯಿಸುತ್ತವೆ. ಆ ಆಮ್ಲ ಉಳಿದ ಮೆಲಮಿನ್ ಜೊತೆ ಸೇರಿದರೆ ಕರಗದ ಹರಳು. ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ತಗ್ಗಿಸಿದ ಇಲಿಗಳಲ್ಲಿ ಕಿಡ್ನಿಯ ಹಾನಿ ಕಮ್ಮಿಯಿತ್ತು. ಒಂದೇ ಡಬ್ಬಿಯ ಪುಡಿ ಕುಡಿದ ಎರಡು ಮಕ್ಕಳಲ್ಲಿ ಒಂದಕ್ಕೆ ಕಲ್ಲು, ಇನ್ನೊಂದಕ್ಕೆ ಏನೂ ಇಲ್ಲ ಅನ್ನುವುದಕ್ಕೆ ಒಂದು ಕಾರಣ ಹೀಗೂ ಇರಬಹುದು. ಸೈಕ್ಲಮೇಟ್ ಎಂಬ ಸಿಹಿ ವಸ್ತುವಿನಲ್ಲೂ ಇದೇ. ಕೆಲವರ ಕರುಳಿನಲ್ಲಿ ಅದು ಸೈಕ್ಲೋಹೆಕ್ಸೈಲಮೀನ್ ಎಂಬ ಬೇರೆ ರಾಸಾಯನಿಕವಾಗುತ್ತದೆ, ಇನ್ನು ಕೆಲವರಲ್ಲಿ ಆಗುವುದೇ ಇಲ್ಲ.

ಈಗ ನಮ್ಮ ಔಷಧಿ.

ಕಾಫಿಯ ಕಾಂಡಕೊರಕಕ್ಕೆ, ಶುಂಠಿಗೆ, ಇನ್ನೂ ಎಷ್ಟೋ ಬೆಳೆಗೆ ನಮ್ಮ ಕಡೆ ಕ್ಲೋರ್‌ಪೈರಿಫಾಸ್ ಬಳಸುತ್ತಾ ಬಂದಿದ್ದಾರೆ. ಡ್ರಮ್ಮಿನ ನೀರಿಗೆ ಸುರಿದ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ, ವಾಸನೆ ಮೂಗಿಗೆ ಅಡರಿ ಸಂಜೆಯವರೆಗೂ ಹೋಗುವುದಿಲ್ಲ. ನಮ್ಮ ತೋಟಕ್ಕೆ ಬರುವ ಒಬ್ಬರು ಹಿರಿಯ ಆಳು ಇದ್ದಾರೆ. ಉದ್ದ ಕೋಲಲ್ಲಿ ಕಲಕುತ್ತಾರೆ, ಕೋಲು ಕೈಗೆ ಸಿಗದಿದ್ದರೆ ಮೊಣಕೈವರೆಗೆ ಕೈಯನ್ನೇ ಹಾಕುತ್ತಾರೆ. ಹತ್ತು ಗಂಟೆಗೆ ಮರದ ಬುಡದಲ್ಲಿ ಕೂತು ಅದೇ ಕೈಯಲ್ಲಿ ಸೊಂಟದ ಚೀಲ ಬಿಚ್ಚಿ, ವೀಳ್ಯದೆಲೆಯನ್ನು ತೊಡೆಯ ಮೇಲೆ ಒರೆಸಿ, ಹೆಬ್ಬೆರಳಲ್ಲಿ ಸುಣ್ಣ ಸವರಿ ಬಾಯಿಗೆ ಹಾಕಿಕೊಳ್ಳುತ್ತಾರೆ.

"ಅಣ್ಣ, ಸೋಪು ಇಟ್ಟಿದೀನಿ, ಕೈ ತೊಳ್ಕೊಂಡು ಎಲೆ ಹಾಕ್ಕೊಳಿ."

"ಇದೇನ್ ಇವತ್ತಿಂದಾ ಅಮ್ಮ? ಆಗಿಂದ ಹೊಡೀತಾನೇ ಇದೀನಿ. ತಲೆ ಸುತ್ತಿದ್ದು ಒಂದು ದಿನ ಇಲ್ಲ."

ಅವರು ಹೇಳಿದ್ದು ನಿಜ. ತಲೆ ಸುತ್ತು, ವಾಂತಿ, ಬೆವರು, ಇವೆಲ್ಲಾ ನರಗಳ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಕಟ್ಟಿಹೋದಾಗ ಬರುವುದು. ಲಿವರ್ ಕ್ಲೋರ್‌ಪೈರಿಫಾಸನ್ನು ಆಕ್ಸಾನ್ ರೂಪಕ್ಕೆ ತಿರುಗಿಸಿದಾಗ ಅದು ಈ ಕಿಣ್ವವನ್ನು ಹಿಡಿದುಕೊಳ್ಳುತ್ತದೆ. ಔಷಧಿ ಬಾಟಲಿಯ ಎಚ್ಚರಿಕೆ ಎಲ್ಲಾ ಈ ದಾರಿಯನ್ನು ನೋಡಿಯೇ ಬರೆದದ್ದು. ಆದರೆ ಆ ಅಣ್ಣನಿಗೆ ಸಕ್ಕರೆ ಕಾಯಿಲೆ ಇದೆ. ಹೊಟ್ಟೆ ಇಲ್ಲ, ಬೊಜ್ಜಿಲ್ಲ, ದಿನವಿಡೀ ಗುಡ್ಡ ಹತ್ತಿ ಇಳಿಯುವ ಮೈ, ಮನೆಯಲ್ಲಿ ಯಾರಿಗೂ ಇಲ್ಲ. ಕಾರಣ ಔಷಧಿಯೇ ಅಂತ ನಾನು ತೀರ್ಪು ಕೊಡುವಂತಿಲ್ಲ. ಆದರೆ ಮಧುರೈಯ ಕೆಲಸ ಓದಿದ ಮೇಲೆ ಸುಮ್ನೆ ಇರಲೂ ಆಗುತ್ತಿಲ್ಲ.

ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಜೀನೋಮ್ ಬಯಾಲಜಿ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿತು. ತಮಿಳುನಾಡಿನ ಹಳ್ಳಿಗಳಲ್ಲಿ 3,080 ಜನರನ್ನು ನೋಡಿದರು. ಕೀಟನಾಶಕಕ್ಕೆ ನೇರವಾಗಿ ಮೈಯೊಡ್ಡುವವರಲ್ಲಿ ಸಕ್ಕರೆ ಕಾಯಿಲೆ ಶೇ. 18.3, ಒಡ್ಡದವರಲ್ಲಿ ಶೇ. 6.2. ಇಷ್ಟೇ ಆಗಿದ್ದರೆ ಒಂದು ಸಮೀಕ್ಷೆ ಅಂತ ಬಿಡಬಹುದಿತ್ತು, ಒಂದು ಸಲ ಎಣಿಸಿದ್ದರಿಂದ ಇದರಿಂದಲೇ ಅದು ಅಂತ ಸಾಬೀತಾಗುವುದಿಲ್ಲ. ಅವರು ಮುಂದೆ ಹೋದರು. ಇಲಿಗಳಿಗೆ 180 ದಿನ ಮೋನೋಕ್ರೋಟೋಫಾಸ್ ಕೊಟ್ಟರು. ಇದೂ ಕ್ಲೋರ್‌ಪೈರಿಫಾಸ್ ಜಾತಿಯದೇ, ಆರ್ಗನೋಫಾಸ್ಫೇಟ್. ಇಲಿಗಳ ರಕ್ತದಲ್ಲಿ ಸಕ್ಕರೆ ಏರಿತು. ನರದ ಕಿಣ್ವಕ್ಕೆ ಮಾತ್ರ ಏನೂ ಆಗಿರಲಿಲ್ಲ! ಅಂದರೆ ತಲೆ ಸುತ್ತದೆ, ವಾಂತಿಯಾಗದೆ, ಒಳಗೊಳಗೇ ಬೇರೆ ದಾರಿಯಲ್ಲಿ ಕೆಲಸ ನಡೆದಿತ್ತು. ಆ ಇಲಿಗಳ ಮಲದ ಬ್ಯಾಕ್ಟೀರಿಯಾವನ್ನು ಔಷಧಿ ಕಾಣದ ಇಲಿಗಳ ಕರುಳಿಗೆ ಸೇರಿಸಿದಾಗ ಅವುಗಳಿಗೂ ಸಕ್ಕರೆ ಅರಗಿಸಿಕೊಳ್ಳಲು ಕಷ್ಟವಾಯಿತು. ಕಾರಣ ಹೀಗೆ ಅನ್ನುತ್ತಾರೆ ಅವರು: ಕರುಳಿನ ಬ್ಯಾಕ್ಟೀರಿಯಾ ಈ ಕೀಟನಾಶಕವನ್ನು ಒಡೆಯುತ್ತವೆ, ಒಡೆದಾಗ ಅಸಿಟಿಕ್ ಆಮ್ಲ ಬರುತ್ತದೆ, ಅದನ್ನು ಹಿಡಿದು ಮೈ ಹೊಸದಾಗಿ ಗ್ಲೂಕೋಸ್ ತಯಾರಿಸುತ್ತದೆ. ವಿಷ ಒಡೆದದ್ದೇ ಹೌದು. ಒಡೆದದ್ದರಿಂದಲೇ ತೊಂದರೆ ಬಂತು.

ನನಗೆ ಇದು ಬಹಳ ಮುಖ್ಯ ಅನ್ನಿಸುವುದು ಇದಕ್ಕೇ. ಒಂದು ರಾಸಾಯನಿಕ ಎಷ್ಟು ತಿಂದರೆ ತೊಂದರೆ ಇಲ್ಲ ಅಂತ ಲೆಕ್ಕ ಹಾಕುವುದು ಹೇಗೆ ಗೊತ್ತಲ್ವಾ? ಪ್ರಾಣಿಗಳಿಗೆ ಕೊಟ್ಟು, ಏನೂ ಆಗದ ಪ್ರಮಾಣ ಹುಡುಕಿ, ಅದನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ ಹತ್ತು, ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಹತ್ತು. ಬ್ಯಾಕ್ಟೀರಿಯಾಗೆ ಅಂತ ಪ್ರತ್ಯೇಕವಾಗಿ ಏನೂ ಇಲ್ಲ. ಲ್ಯಾಬಿನ ಇಲಿ ದಿನವೂ ಒಂದೇ ಥರದ ಗುಳಿಗೆ ತಿನ್ನುತ್ತದೆ, ತನ್ನ ಹಿಕ್ಕೆಯನ್ನೂ ತಿನ್ನುತ್ತದೆ. ಅದರ ಕರುಳೇ ಬೇರೆ. ಲೈನ್ ಮನೆಯಲ್ಲಿದ್ದು ಅಕ್ಕಿ ರೊಟ್ಟಿ, ಕೆಸುವಿನ ಸೊಪ್ಪು, ಒಣಮೀನು ತಿಂದು, ಜ್ವರ ಬಂದಾಗೆಲ್ಲಾ ಮೆಡಿಕಲ್ ಶಾಪಿನಿಂದ ಎರಡು ಆಂಟಿಬಯಾಟಿಕ್ ಮಾತ್ರೆ ನುಂಗಿ ಮತ್ತೆ ಕೆಲಸಕ್ಕೆ ಬರುವವರ ಕರುಳೇ ಬೇರೆ. ಇಲಿಯ ಲೆಕ್ಕ ಅವರಿಗೆ ಹೊಂದುತ್ತದೆ ಅಂತ ಯಾರು ನೋಡಿದ್ದಾರೆ?

ಬ್ಯಾಕ್ಟೀರಿಯಾ ಎಂದರೆ ಬರೀ ಕೆಡುಕು ಅಂದುಕೊಳ್ಳಬೇಡಿ, ಕಾಪಾಡುವುದೂ ಅವೇ. ಮೀನಿನ ಜೊತೆ ಮೈ ಸೇರುವ ಮೀಥೈಲ್ ಪಾದರಸವನ್ನು ಕರುಳಿನ ಬ್ಯಾಕ್ಟೀರಿಯಾ ಕರುಳು ಅಷ್ಟಾಗಿ ಹೀರದ ಸಾದಾ ರೂಪಕ್ಕೆ ತರುತ್ತವೆ, ಅದು ಮಲದಲ್ಲಿ ಹೋಗುತ್ತದೆ. ಆಂಟಿಬಯಾಟಿಕ್ ಕೊಟ್ಟ ಇಲಿಗಳಲ್ಲಿ ಪಾದರಸ ಜಾಸ್ತಿ ದಿನ ಉಳಿಯುತ್ತದೆ. 2018ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯ ವಿಶ್ವವಿದ್ಯಾಲಯದವರು ಆರ್ಸೆನಿಕ್ ಬಗ್ಗೆ ಇಂಥದ್ದೇ ಕಂಡರು. ಬ್ಯಾಕ್ಟೀರಿಯಾ ಇಲ್ಲದ ಇಲಿಗಳು ಬೇಗ ಸತ್ತವು, ಮನುಷ್ಯರ ಮಲದ ಬ್ಯಾಕ್ಟೀರಿಯಾ ಕೊಟ್ಟಾಗ ಹೆಚ್ಚು ಕಾಲ ಬದುಕಿದವು, ಅದರಲ್ಲೂ ಫೀಕಾಲಿಬ್ಯಾಕ್ಟೀರಿಯಂ ಎಂಬುದು ಚೆನ್ನಾಗಿ ಕಾಪಾಡಿತು. ನಾನ್‌ಸ್ಟಿಕ್ ಪಾತ್ರೆ, ಮಳೆಕೋಟುಗಳ ಕಡೆಯಿಂದ ಬರುವ ಪಿಎಫ್‌ಎಎಸ್ ರಾಸಾಯನಿಕಗಳನ್ನು ಕೆಲವು ಕರುಳಿನ ಬ್ಯಾಕ್ಟೀರಿಯಾ ತಮ್ಮೊಳಗೆ ತುಂಬಿಕೊಳ್ಳುತ್ತವೆ ಅಂತ 2025ರಲ್ಲಿ ಕೇಂಬ್ರಿಜ್‌ನವರು ತೋರಿಸಿದರು.

ಕಾಪಾಡುವವರಿಗೇ ಏಟು ಬಿದ್ದರೆ? ಅದೇ 2025ರ ಇನ್ನೊಂದು ಕೆಲಸದಲ್ಲಿ 1,076 ಕೈಗಾರಿಕಾ ಮತ್ತು ಕೃಷಿ ರಾಸಾಯನಿಕಗಳನ್ನು 22 ಬಗೆಯ ಕರುಳಿನ ಬ್ಯಾಕ್ಟೀರಿಯಾ ಮೇಲೆ ಲ್ಯಾಬಿನಲ್ಲಿ ಹಾಕಿ ನೋಡಿದರು. 168 ರಾಸಾಯನಿಕಗಳು ಅವುಗಳ ಬೆಳವಣಿಗೆ ತಡೆದವು. ಕಳೆಗೆ ಹೊಡೆಯುವ ಗ್ಲೈಫೋಸೇಟ್ ಬಗ್ಗೆ ಅಂಗಡಿಯವರು ಹೇಳುವುದು, ಅದು ತಡೆಯುವ ಕಿಣ್ವ ಗಿಡದಲ್ಲಿ ಮಾತ್ರ ಇದೆ, ಮನುಷ್ಯರಲ್ಲಿ ಇಲ್ಲ ಅಂತ. ಮನುಷ್ಯರ ಜೀವಕೋಶದಲ್ಲಿ ಇಲ್ಲ, ನಿಜ. ಬ್ಯಾಕ್ಟೀರಿಯಾಗಳಲ್ಲಿ ಇದೆ. ಆ ಕಿಣ್ವದಿಂದ ತಯಾರಾಗುವ ಅಮೈನೋ ಆಮ್ಲ ನಾವು ತಿಂದ ಊಟದಲ್ಲೇ ಅವುಗಳಿಗೆ ಸಿಗುವುದರಿಂದ ಅಷ್ಟೇನೂ ಪೆಟ್ಟು ಬೀಳಲಿಕ್ಕಿಲ್ಲ ಅನ್ನುವ ಸಂಶೋಧಕರೂ ಇದ್ದಾರೆ, ಅವರ ಮಾತಲ್ಲೂ ಅರ್ಥವಿದೆ.

ಇದನ್ನೆಲ್ಲಾ ಮನೆಯಲ್ಲಿ ಹೇಳಿದಾಗ ತವರಿನ ಅತ್ತಿಗೆ ಕೇಳಿದ್ದು, "ಹಾಗಾದ್ರೆ ದಿನಾ ಮಜ್ಜಿಗೆ ಕುಡಿದ್ರೆ ಸಾಕಲ್ವಾ?" ಅವರ ಮನೆಯಲ್ಲಿ ಮಳೆಗಾಲದಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಂದರೆ ಮೋಡ ಸ್ವಲ್ಪ ಬಿಟ್ಟ ಕೂಡಲೇ ಕ್ಯಾನ್ ಬೆನ್ನಿಗೇರಿಸಬೇಕು, ಬಿಡುವ ಹಾಗಿಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ಟಾಂಜಾನಿಯಾದ ಮ್ವಾಂಝಾದಲ್ಲಿ ಗರ್ಭಿಣಿಯರಿಗೆ ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್ ಇರುವ ಮೊಸರು ಕೊಟ್ಟಾಗ ಪಾದರಸ, ಆರ್ಸೆನಿಕ್ ರಕ್ತದಲ್ಲಿ ಇನ್ನಷ್ಟು ಏರದೆ ನಿಂತವು ಅಂತ 2014ರಲ್ಲಿ ಬಂದಿದೆ. ಕೊರಿಯಾದ ಕಿಮ್ಚಿ ಹುಳಿಯುವಾಗ ಅದರ ಬ್ಯಾಕ್ಟೀರಿಯಾ ಕ್ಲೋರ್‌ಪೈರಿಫಾಸ್ ಒಡೆಯುವುದನ್ನೂ ಕಂಡಿದ್ದಾರೆ. ಆದರೆ ಟಾಂಜಾನಿಯಾದ್ದು ಸಣ್ಣ ಪ್ರಯೋಗ, ಗೊತ್ತಿರುವ ಒಂದು ತಳಿ. ನಮ್ಮ ಹೆಪ್ಪಿನ ಮೊಸರಲ್ಲಿ ಅದೇ ತಳಿ ಇದೆ ಅನ್ನಲಾಗದು. ಮಧುರೈಯ ಇಲಿಗಳನ್ನು ನೆನೆದರೆ, ಒಡೆಯುವುದೇ ಯಾವಾಗಲೂ ಒಳ್ಳೆಯದು ಅಂತಲೂ ಹೇಳಲಾಗದು. ಮಜ್ಜಿಗೆ ಕುಡಿಯಿರಿ ಅತ್ತಿಗೆ, ಅದು ಊಟಕ್ಕೆ ಒಳ್ಳೆಯದು. ಅದನ್ನು ನಂಬಿ ಕೈಗವಸು ಬಿಡಬೇಡಿ. ದುಬಾರಿ ಪ್ರೋಬಯಾಟಿಕ್ ಪುಡಿಗಳ ಬಗ್ಗೆ ನನ್ನ ಅಭಿಪ್ರಾಯವೂ ಇದೇ.

ನಾನು ಮಾಡಬಹುದಾದದ್ದು ನಮ್ಮ ತೋಟದಲ್ಲಿ. ಡ್ರಮ್ಮಿನ ಪಕ್ಕ ಈಗ ಸೋಪು, ಬೇರೆ ಕೊಡದಲ್ಲಿ ನೀರು, ಎಲೆಯಡಿಕೆ ಚೀಲ ನೇತುಹಾಕಲು ದೂರದಲ್ಲಿ ಒಂದು ಮೊಳೆ. ಔಷಧಿ ಹೊಡೆದ ದಿನ ಮನೆಗೆ ಹೋಗುವ ಮುಂಚೆ ಸ್ನಾನಕ್ಕೆ ಬಿಸಿನೀರು ಕಾಯಿಸಿಡುತ್ತೇನೆ, ಬಟ್ಟೆ ಒಗೆಯುವುದೂ ಇಲ್ಲೇ. ಮೊದಮೊದಲು ಆ ಅಣ್ಣ ಮುಜುಗರ ಪಟ್ಟುಕೊಂಡರು, ಈಗ ಅವರೇ ಬೇರೆಯವರಿಗೆ ಹೇಳುತ್ತಾರೆ.

ತೋಟದ ಕಡೆ ನಡೆಯುವ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ನೀವು ಯಾವ ಔಷಧಿ ಹೊಡೆಯುತ್ತೀರಿ, ಎಷ್ಟು ವರ್ಷದಿಂದ, ಅಂತ ಕೇಳಿದ್ದನ್ನು ನಾನು ನೋಡಿಲ್ಲ. ಕ್ಲೋರ್‌ಪೈರಿಫಾಸ್ ಮೈಗೆ ಸೇರಿದೆಯಾ ಅಂತ ಮೂತ್ರದಲ್ಲಿ ತಿಳಿಯುತ್ತದೆ, ಟ್ರೈಕ್ಲೋರೋಪಿರಿಡಿನಾಲ್ ಎಂಬ ತುಂಡು ಅಲ್ಲಿ ಸಿಗುತ್ತದೆ. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಮಂಗಳೂರಲ್ಲೋ, ಆಳುಗಳ ಮೂತ್ರ ತಂದುಕೊಟ್ಟರೆ ಇದನ್ನು ಪರೀಕ್ಷೆ ಮಾಡಿಕೊಡುವ ಲ್ಯಾಬ್ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಖರ್ಚು ನಾವು ಕೊಡುತ್ತೇವೆ. ಮುಂಗಾರು ಶುರುವಾಗುವ ಮುಂಚೆ ಗೊತ್ತಾದರೆ, ಔಷಧಿ ಹೊಡೆಯುವ ಮೊದಲು ಒಂದು ಸಲ, ಆಮೇಲೆ ಒಂದು ಸಲ ನೋಡಬಹುದು.